ಸೆರೆಯಾಳು ಹುಡುಗಿಯ ಒಂದು ಮಾತು: ನಾಮಾನನ ಮನೆಯ ಪ್ರಕರಣ

ದಿನನಿತ್ಯದ ಬದುಕಿನಲ್ಲಿ ನಂಬಿಕೆಯ ಬಗ್ಗೆ ಸಾಕ್ಷಿ ಹೇಳುವುದು ಹೇಗೆ ಎಂದು ಕಲಿಸುವವರು ಸಾಮಾನ್ಯವಾಗಿ ಎರಡು ಪ್ರಕರಣಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತಾರೆ. ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಆಡಿದ ಮಾತು, ಇಲ್ಲವೇ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಗೆ ಫಿಲಿಪ್ಪನು ಅದನ್ನು ಬಿಡಿಸಿ ಹೇಳಿದ್ದು. ಎರಡೂ ಒಳ್ಳೆಯವೇ. ಆದರೆ ಮೊದಲನೆಯದರಲ್ಲಿ ಮಾತಾಡುವವನು ಸ್ವತಃ ಯೇಸು, ಎರಡನೆಯದರಲ್ಲಿ ದೇವದೂತನ ಅಪ್ಪಣೆ ಪಡೆದೇ ದಾರಿ ಹಿಡಿದ ಸುವಾರ್ತಿಕ. ಅಪ್ಪಣೆಯೂ ಇಲ್ಲದೆ, ತರಬೇತಿಯೂ ಇಲ್ಲದೆ, ಕೈಯಲ್ಲಿ ಕೆಲಸ ಇಟ್ಟುಕೊಂಡೇ ಬಾಯಿ ಬಿಡಬೇಕಾದವರಿಗೆ ಇವೆರಡೂ ಸ್ವಲ್ಪ ದೂರ. ಹಾಗಾಗಿ ಇಲ್ಲಿ ತೆಗೆದುಕೊಂಡಿರುವುದು ಹಳೆಯ ಒಡಂಬಡಿಕೆಯ ಒಂದು ಪ್ರಕರಣ, 2 ಅರಸುಗಳು 5ನೆಯ ಅಧ್ಯಾಯ: ಶತ್ರುದೇಶದ ಸೇನಾಪತಿ ನಾಮಾನನಿಗೆ ಕುಷ್ಠ ವಾಸಿಯಾದ ಕಥೆ. ಕ್ರಿಸ್ತನಿಗಿಂತ ಎಂಟುನೂರಕ್ಕೂ ಹೆಚ್ಚು ವರ್ಷ ಹಿಂದಿನ ಈ ಘಟನೆಗೂ ಕ್ರೈಸ್ತ ಸಾಕ್ಷಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನಜರೇತಿನ ಸಭಾಮಂದಿರದಲ್ಲಿ ತನ್ನ ಕೆಲಸ ಯಾರವರೆಗೆ ಚಾಚುತ್ತದೆ ಎಂದು ತೋರಿಸಲು ಯೇಸು ಕೊಟ್ಟ ಎರಡು ಉದಾಹರಣೆಗಳಲ್ಲಿ ಒಂದು ಇದೇ (ಲೂಕ 4:27). ಅದನ್ನು ಕೇಳಿ ಮಂದಿರದಲ್ಲಿದ್ದವರು ರೊಚ್ಚಿಗೆದ್ದು ಆತನನ್ನು ಊರಾಚೆಗೆ ಅಟ್ಟಿ ಗುಡ್ಡದ ಅಂಚಿನವರೆಗೆ ಕೊಂಡೊಯ್ದರು. ಅಷ್ಟು ಸಿಟ್ಟು ಬರಿಸುವಂಥದ್ದು ಈ ಕಥೆಯಲ್ಲಿದೆ ಎಂಬುದನ್ನು ಭಾನುವಾರ ಶಾಲೆಯ ಚಿತ್ರಪುಸ್ತಕಗಳು ಮರೆಸಿಬಿಟ್ಟಿವೆ.

ಮನೆಯೊಳಗಿನವರು

ನಾಮಾನನು ಅರಾಮಿನ, ಅಂದರೆ ದಮಸ್ಕದ ಸುತ್ತಣ ರಾಜ್ಯದ, ಅರಸನ ಸೇನಾಪತಿ. ಗ್ರಂಥಕರ್ತ ಅವನ ಹಿರಿಮೆಯನ್ನು ಒಂದರ ಮೇಲೊಂದು ಪೇರಿಸುತ್ತಾನೆ: ದೊಡ್ಡ ಮನುಷ್ಯ, ಒಡೆಯನಿಗೆ ಬೇಕಾದವನು, ಪರಾಕ್ರಮಶಾಲಿ. ಅವನ ಮೂಲಕ ಅರಾಮಿಗೆ ಜಯ ಕೊಟ್ಟವನು ಯೆಹೋವನೇ ಎಂಬ ಮಾತೂ ಅಲ್ಲಿದೆ. ಇಸ್ರಾಯೇಲಿನ ಶತ್ರುವಿನ ಗೆಲುವಿನ ಹಿಂದೆ ಇಸ್ರಾಯೇಲಿನ ದೇವರೇ ಇದ್ದನು ಎಂದು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾನೆ. ಇಷ್ಟೆಲ್ಲ ಆದ ಮೇಲೆ ಕೊನೆಗೆ, ಅವನು ಕುಷ್ಠರೋಗಿ. ಇಂದು ವೈದ್ಯರು ಆ ಹೆಸರಿನಿಂದ ಗುರುತಿಸುವ ರೋಗವೇ ಅದಾಗಿತ್ತೆಂದು ಹೇಳಲಾಗದು. ಚರ್ಮದ ಹಲವು ಬೇನೆಗಳು ಆಗ ಆ ಒಂದೇ ಹೆಸರಿನಡಿ ಬರುತ್ತಿದ್ದವು. ಅವನಂತೂ ಅರಮನೆಗೆ ಹೋಗಿ ಬರುತ್ತಿದ್ದ, ದಂಡು ನಡೆಸುತ್ತಿದ್ದ. ಆದರೆ ಮನೆಗೆ ಬಂದು ಮೇಲಂಗಿ ಕಳಚಿದಾಗ ಕಾಣುವುದೇ ಬೇರೆ, ಅದನ್ನು ಕಾಣುವವರು ಹೆಂಡತಿ ಮತ್ತು ಮನೆಯ ಆಳುಗಳು.

ಆ ಆಳುಗಳಲ್ಲಿ ಒಬ್ಬಳು ಚಿಕ್ಕ ಹುಡುಗಿ. ಅರಾಮ್ಯರ ಸುಲಿಗೆಯ ಗುಂಪುಗಳು ಇಸ್ರಾಯೇಲಿಗೆ ನುಗ್ಗಿದಾಗ ಹಿಡಿದು ತಂದವಳು. ಅವಳಿಗೆ ಹೆಸರಿಲ್ಲ, ವಯಸ್ಸಿಲ್ಲ, ತಂದೆತಾಯಿ ಬದುಕಿದ್ದರೋ ಸತ್ತರೋ ಎಂಬ ಸುಳಿವೂ ಇಲ್ಲ. ನಾಮಾನನ ಹೆಂಡತಿಯ ಸೇವೆಗೆ ಅವಳನ್ನು ಇಟ್ಟಿದ್ದರು. ಯಾವ ಸೈನ್ಯದ ಹೆಸರು ಕೇಳಿದರೆ ಅವಳ ಊರು ನಡುಗುತ್ತಿತ್ತೋ ಆ ಸೈನ್ಯದ ನಾಯಕನ ಮನೆಯಲ್ಲೇ ಅವಳು ಹಾಸಿಗೆ ಹಾಸುತ್ತಿದ್ದಳು. ಈ ಸಂಗತಿಯ ಮೇಲೆ ಬೇಗ ಸಕ್ಕರೆ ಸುರಿದು ಮುಂದೆ ಹೋಗುವ ಪ್ರಸಂಗಗಳು ನನಗೆ ಹಿಡಿಸುವುದಿಲ್ಲ. ದೇವರು ಅವಳನ್ನು ಅಲ್ಲಿಗೆ ಮಿಷನರಿಯಾಗಿ ಕಳುಹಿಸಿದನು ಎಂದು ಹೇಳುವುದು ಸುಲಭ. ಪಠ್ಯ ಹೇಳುವುದು ಸುಲಿಗೆಯವರು ಹಿಡಿದು ತಂದರು ಎಂದು ಮಾತ್ರ.

ಆಡಿದ್ದು, ಆಡದೆ ಬಿಟ್ಟದ್ದು

ಇಡೀ ಅಧ್ಯಾಯದಲ್ಲಿ ಅವಳು ಬಾಯಿ ಬಿಡುವುದು ಒಂದೇ ಸಲ. ತನ್ನ ಯಜಮಾನಿಗೆ ಅವಳು ಹೇಳುವುದರ ಸಾರ ಇಷ್ಟು: ನಮ್ಮ ಯಜಮಾನರು ಸಮಾರ್ಯದಲ್ಲಿರುವ ಪ್ರವಾದಿಯ ಹತ್ತಿರ ಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅವರು ಇವರ ಕುಷ್ಠವನ್ನು ವಾಸಿಮಾಡುತ್ತಿದ್ದರು.

ಅವಳು ಮಾತಾಡಿದ್ದು ಯಾರೊಡನೆ ಎಂಬುದನ್ನು ಮೊದಲು ನೋಡಬೇಕು. ಸೇನಾಪತಿಯ ಎದುರು ನಿಂತು ಹೇಳುವ ಅವಕಾಶ ಅವಳಿಗಿರಲಿಲ್ಲ, ಅದನ್ನು ಅವಳು ಹುಡುಕಿಕೊಂಡೂ ಹೋಗಲಿಲ್ಲ. ದಿನವೂ ಯಾರ ಕೈಕೆಳಗೆ ಕೆಲಸವೋ ಆ ಹೆಂಗಸಿಗೆ ಹೇಳಿದಳು. ಮಾತು ಬಂದದ್ದು ಮನೆಯೊಳಗೆ ಎಲ್ಲರಿಗೂ ಗೊತ್ತಿದ್ದು ಯಾರೂ ಎತ್ತದ ಒಂದು ನೋವಿನ ಸುತ್ತ. ಅದರಲ್ಲಿ ನೀವು ಹೀಗೆ ಮಾಡಿ ಎಂಬ ಒತ್ತಾಯವಿಲ್ಲ, ಹಾಗಾಗಿದ್ದರೆ ಎಂಬ ಹಾರೈಕೆ ಇದೆ. ಅಷ್ಟೇ ಮುಖ್ಯವಾಗಿ, ಎಲ್ಲಿಗೆ ಹೋಗಬೇಕು ಎಂಬುದು ಸ್ಪಷ್ಟವಾಗಿದೆ. ಊರು ಸಮಾರ್ಯ, ಕಾಣಬೇಕಾದವನು ಪ್ರವಾದಿ. ದೇವರು ದೊಡ್ಡವನು, ಎಲ್ಲ ಒಳ್ಳೆಯದಾಗುತ್ತದೆ ಎಂಬ ಮಬ್ಬು ಸಮಾಧಾನದ ಮಾತನ್ನು ಅವಳು ಆಡಿದ್ದರೆ ಯಜಮಾನಿ ತಲೆದೂಗಿ ಸುಮ್ಮನಾಗುತ್ತಿದ್ದಳು, ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು.

ಆಡದೆ ಬಿಟ್ಟ ಮಾತುಗಳ ಪಟ್ಟಿ ಇನ್ನೂ ಉದ್ದ. ಅರಾಮ್ಯರ ದೇವರಾದ ರಿಮ್ಮೋನನ ಬಗ್ಗೆ ಅವಳು ಒಂದು ಅಕ್ಷರವನ್ನೂ ಎತ್ತುವುದಿಲ್ಲ. ಈ ರೋಗ ನಿಮ್ಮವರು ಮಾಡಿದ ಪಾಪದ ಫಲ ಎನ್ನುವುದಿಲ್ಲ, ಹಾಗೆನ್ನಲು ಅವಳಿಗಿದ್ದಷ್ಟು ಕಾರಣ ಬೇರೆ ಯಾರಿಗೂ ಇರಲಿಲ್ಲ. ನನ್ನನ್ನು ಊರಿಗೆ ಕಳುಹಿಸಿದರೆ ದಾರಿ ತೋರಿಸುತ್ತೇನೆ ಎಂಬ ಷರತ್ತೂ ಇಲ್ಲ. ಈ ಮಾತಿನಿಂದ ಅವಳಿಗೆ ಬರುವ ಲಾಭ ಏನೂ ಕಾಣಿಸುವುದಿಲ್ಲ. ತಪ್ಪಿದರೆ ಏಟು ಬೀಳುವ ಸಾಧ್ಯತೆ ಇತ್ತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು, ಅಧ್ಯಾಯದ ಕೊನೆಗೆ ಹೋದಾಗ ಗ್ರಂಥಕರ್ತನಿಗೂ ಇದೇ ಮುಖ್ಯವಾಗಿತ್ತು ಎಂದು ತಿಳಿಯುತ್ತದೆ.

ಅವಳ ಮಾತನ್ನು ಏಕೆ ನಂಬಿದರು? ಅವಳ ನಿಷ್ಠೆಯ ಸೇವೆ ಯಜಮಾನಿಯ ಮನಸ್ಸು ಗೆದ್ದಿತ್ತು ಎಂದು ಬಹಳ ಪ್ರಸಂಗಿಗಳು ಹೇಳುತ್ತಾರೆ. ಇರಬಹುದು, ಪಠ್ಯದಲ್ಲಿ ಮಾತ್ರ ಅದಿಲ್ಲ. ಎಲ್ಲ ಮದ್ದು ಸೋತ ಮನೆಯಲ್ಲಿ ಯಾರು ಏನು ಹೇಳಿದರೂ ಕಿವಿಗೆ ಬೀಳುತ್ತದೆ ಎಂಬುದೂ ಅಷ್ಟೇ ಸಂಭವ. ನಮ್ಮ ನಡತೆ ನೋಡಿಯೇ ಜನ ನಮ್ಮ ಮಾತು ಕೇಳುತ್ತಾರೆ ಎಂಬ ನಿಯಮವನ್ನು ಈ ಪ್ರಕರಣದಿಂದ ಹಿಂಡಿ ತೆಗೆಯಬಾರದು. ನಡತೆ ಚೆನ್ನಾಗಿರಬೇಕಾದದ್ದು ಬೇರೆ ಕಾರಣಕ್ಕೆ.

ಒಂದು ತೊಡಕನ್ನು ಇಲ್ಲಿಯೇ ಬಿಡಿಸಿಕೊಳ್ಳೋಣ. ಪ್ರವಾದಿ ವಾಸಿಮಾಡುತ್ತಾನೆ ಎಂದು ಅವಳು ಅನುಮಾನವಿಲ್ಲದೆ ಹೇಳುತ್ತಾಳೆ. ಆದರೆ ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಪ್ರಕಾರ ಆ ಪ್ರವಾದಿಯಾದ ಎಲೀಷನ ಕಾಲದಲ್ಲಿ ಇಸ್ರಾಯೇಲಿನಲ್ಲಿ ಬಹುಮಂದಿ ಕುಷ್ಠರೋಗಿಗಳಿದ್ದರು, ನಾಮಾನನ ಹೊರತು ಅವರಲ್ಲಿ ಯಾರೂ ಶುದ್ಧರಾಗಲಿಲ್ಲ. ಎರಡೇ ಅಧ್ಯಾಯ ಮುಂದೆ ಹೋದರೆ ಸಮಾರ್ಯದ ಊರಬಾಗಿಲಲ್ಲೇ ನಾಲ್ವರು ಕುಷ್ಠರೋಗಿಗಳು ಹಸಿದು ಕೂತಿರುತ್ತಾರೆ. ಅಂದರೆ ಎಲೀಷನಿಂದ ಈ ರೋಗ ವಾಸಿಯಾದ ಒಂದು ಉದಾಹರಣೆಯೂ ಇಲ್ಲದೆ ಹುಡುಗಿ ಆ ಮಾತು ಆಡಿದ್ದಳು. ಅವಳ ನಂಬಿಕೆಯನ್ನು ಮೆಚ್ಚಿ, ಆದರೆ ಈ ಭಾಗವನ್ನು ನಕಲು ಮಾಡಬೇಡಿ. ಕಾಯಿಲೆಯ ಮನೆಗೆ ಹೋಗಿ ವಾಸಿಯಾಗುತ್ತದೆ ಎಂದು ಮಾತು ಕೊಡುವ ಹಕ್ಕು ನಮಗಿಲ್ಲ. ವಾಸಿಯಾಗದೆ ಹೋದಾಗ ಆ ಮನೆಯವರು ರೋಗದ ಜೊತೆಗೆ ದೇವರ ಮೇಲಿನ ಮುನಿಸನ್ನೂ ಹೊರಬೇಕಾಗುತ್ತದೆ, ಕೆಲವೊಮ್ಮೆ ನಂಬಿಕೆ ಸಾಲದು ಎಂಬ ಆರೋಪವನ್ನೂ. ನಾನು ನಿಮಗಾಗಿ ಪ್ರಾರ್ಥಿಸುತ್ತೇನೆ ಎಂಬುದು ನಾವು ಉಳಿಸಿಕೊಳ್ಳಬಲ್ಲ ಮಾತು. ನಿಮಗೆ ಖಂಡಿತ ಗುಣವಾಗುತ್ತದೆ ಎಂಬುದು ಅಂಥ ಮಾತಲ್ಲ.

ಮಾತು ಕೈದಾಟಿದ ಬಗೆ

ಹುಡುಗಿಯ ಮಾತು ನಾಮಾನನಿಗೆ ತಲುಪಿತು, ಅವನಿಂದ ಅರಾಮಿನ ಅರಸನಿಗೆ. ಅರಸನಿಗೆ ಗೊತ್ತಿದ್ದ ದಾರಿ ಅರಸರ ದಾರಿ ಒಂದೇ. ಇಸ್ರಾಯೇಲಿನ ಅರಸನಿಗೆ ಪತ್ರ ಬರೆಸಿದನು. ಜೊತೆಗೆ ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಶೆಕೆಲು ಚಿನ್ನ, ಹತ್ತು ಜೊತೆ ಉಡುಪು ಹೊರಟವು. ಇಂದಿನ ಲೆಕ್ಕಕ್ಕೆ ಬೆಳ್ಳಿ ಸುಮಾರು 340 ಕಿಲೋ, ಚಿನ್ನ ಸುಮಾರು 69 ಕಿಲೋ. ಪತ್ರದಲ್ಲಿದ್ದದ್ದು: ನನ್ನ ಸೇವಕನಾದ ನಾಮಾನನನ್ನು ಕಳುಹಿಸಿದ್ದೇನೆ, ಅವನ ಕುಷ್ಠವನ್ನು ನೀನು ವಾಸಿಮಾಡಬೇಕು. ಪ್ರವಾದಿಯ ಸುದ್ದಿಯೇ ಇಲ್ಲ! ಹುಡುಗಿ ಹೇಳಿದ ಒಂದೇ ಸಾಲಿನಲ್ಲಿ ತಿರುಳಾಗಿದ್ದ ವ್ಯಕ್ತಿ ಎರಡು ಕೈ ದಾಟುವುದರೊಳಗೆ ಕಳೆದುಹೋಗಿದ್ದ.

ಪತ್ರ ಓದಿದ ಇಸ್ರಾಯೇಲಿನ ಅರಸನು ಬಟ್ಟೆ ಹರಿದುಕೊಂಡನು. ಕೊಲ್ಲುವುದಕ್ಕೂ ಬದುಕಿಸುವುದಕ್ಕೂ ನಾನೇನು ದೇವರೋ, ಇವನು ಜಗಳಕ್ಕೆ ಕಾರಣ ಹುಡುಕುತ್ತಿದ್ದಾನೆ ಎಂದನು. ಅವನ ದೇವಶಾಸ್ತ್ರದಲ್ಲಿ ಒಂದು ತಪ್ಪೂ ಇಲ್ಲ, ಕೊಲ್ಲುವವನೂ ಬದುಕಿಸುವವನೂ ದೇವರೇ. ತನ್ನದೇ ರಾಜ್ಯದಲ್ಲಿ ಎಲೀಷನೆಂಬವನಿದ್ದಾನೆ ಎಂಬುದು ಮಾತ್ರ ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಶತ್ರುವಿನ ಮನೆಯಲ್ಲಿ ನೆಲ ಗುಡಿಸುತ್ತಿದ್ದವಳಿಗೆ ಅದು ನೆನಪಿತ್ತು.

ಸಾಕ್ಷಿ ಹೇಳುವವರನ್ನು ಕಾಡುವ ದೊಡ್ಡ ಚಿಂತೆ ಇದೇ. ನಾನು ಸರಿಯಾಗಿ ಹೇಳಿದೆನೋ, ಅವರು ಸರಿಯಾಗಿ ಕೇಳಿಸಿಕೊಂಡರೋ, ಮನೆಗೆ ಹೋಗಿ ಏನೆಂದು ಹೇಳುತ್ತಾರೋ. ಈ ಪ್ರಕರಣದಲ್ಲಿ ಮಾತು ಕೆಟ್ಟೇ ಹೋಯಿತು, ಹೆಚ್ಚುಕಡಿಮೆ ಯುದ್ಧಕ್ಕೆ ಕಾರಣವಾಗುವಷ್ಟು. ಅದನ್ನು ಸರಿಪಡಿಸಲು ಹುಡುಗಿ ಅಲ್ಲಿರಲಿಲ್ಲ, ಇದ್ದರೂ ಇಬ್ಬರು ಅರಸರ ನಡುವೆ ಅವಳ ಮಾತು ಯಾರಿಗೆ ಬೇಕಾಗಿತ್ತು? ಸರಿಪಡಿಸಿದವನು ಎಲೀಷ. ಅರಸನು ಬಟ್ಟೆ ಹರಿದುಕೊಂಡ ಸುದ್ದಿ ಕೇಳಿ, ಅವನು ನನ್ನ ಬಳಿಗೆ ಬರಲಿ ಎಂದು ಹೇಳಿಕಳುಹಿಸಿದನು. ಒಂದು ಸಲ ಆಡಿದ ಮಾತಿನ ಹಿಂದೆ ಹೋಗಿ ಹತ್ತು ಸಂದೇಶ, ಇಪ್ಪತ್ತು ವಿಡಿಯೋ ಕಳುಹಿಸಿ ಅದನ್ನು ಬೆಳೆಸಲು ಹವಣಿಸುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬಹುದು.

ಬಾಗಿಲ ಮುಂದಿನ ಸಿಟ್ಟು

ನಾಮಾನನು ಕುದುರೆ ರಥಗಳೊಡನೆ ಬಂದು ಎಲೀಷನ ಮನೆಯ ಬಾಗಿಲಲ್ಲಿ ನಿಂತನು. ಎಲೀಷ ಹೊರಗೆ ಬರಲೇ ಇಲ್ಲ. ಯೊರ್ದನಿಗೆ ಹೋಗಿ ಏಳು ಸಲ ಮುಳುಗು ಎಂದು ಆಳಿನ ಕೈಲಿ ಹೇಳಿಸಿದನು. ಸೇನಾಪತಿ ಕೆರಳಿದನು. ಅವನ ಮನಸ್ಸಿನಲ್ಲಿ ಒಂದು ಚಿತ್ರ ಆಗಲೇ ಸಿದ್ಧವಾಗಿತ್ತು: ಪ್ರವಾದಿ ಹೊರಗೆ ಬರುತ್ತಾನೆ, ನಿಂತು ತನ್ನ ದೇವರ ಹೆಸರು ಕರೆಯುತ್ತಾನೆ, ರೋಗವಿದ್ದ ಜಾಗದ ಮೇಲೆ ಕೈಯಾಡಿಸುತ್ತಾನೆ. ಅದಾವುದೂ ಆಗಲಿಲ್ಲ. ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಇಸ್ರಾಯೇಲಿನ ಎಲ್ಲ ನೀರಿಗಿಂತ ಮೇಲಲ್ಲವೇ ಎಂದು ರೇಗಿ ಹಿಂದಿರುಗಿ ಹೊರಟನು.

ಪ್ರಕರಣ ಮುರಿದುಬೀಳಲು ಇನ್ನು ಒಂದೇ ಹೆಜ್ಜೆ. ಅದನ್ನು ಉಳಿಸಿದವರು ನಾಮಾನನ ಸೇವಕರು. ಅವರು ಯೆಹೋವನನ್ನು ಆರಾಧಿಸುವವರು ಎನ್ನಲು ಆಧಾರವಿಲ್ಲ, ಅವನೊಡನೆ ದಮಸ್ಕದಿಂದ ಬಂದವರು. ಹತ್ತಿರ ಬಂದು, ತಂದೆಯೇ ಎಂದು ಕರೆದು, ಪ್ರವಾದಿ ದೊಡ್ಡ ಕೆಲಸವೇನಾದರೂ ಹೇಳಿದ್ದರೆ ನೀವು ಮಾಡುತ್ತಿರಲಿಲ್ಲವೇ, ತೊಳೆದುಕೊಂಡು ಶುದ್ಧನಾಗು ಎಂದದ್ದನ್ನು ಮಾಡುವುದರಲ್ಲೇನು ಎಂದು ಕೇಳಿದರು. ಆ ಮಾತಿನಲ್ಲಿ ದೇವಶಾಸ್ತ್ರ ಎಳ್ಳಷ್ಟೂ ಇಲ್ಲ. ಒಡೆಯನ ಸ್ವಭಾವ ಬಲ್ಲವರ ಜಾಣತನ ಇದೆ, ಅವನ ಮೇಲೆ ಪ್ರೀತಿಯೂ ಇದೆ. ಅವನು ಹೊಳೆಗೆ ಇಳಿದನು, ಏಳು ಸಲ ಮುಳುಗಿದನು, ಮೈ ಎಳೆಯ ಮಗುವಿನ ಮೈಯಂತಾಯಿತು.

ನಂಬಿಕೆಯ ಪ್ರತಿ ಹೆಜ್ಜೆಯಲ್ಲೂ ವಿಶ್ವಾಸಿಯೇ ಪಕ್ಕದಲ್ಲಿರಬೇಕು ಎಂದುಕೊಳ್ಳುವವರಿಗೆ ಈ ಸೇವಕರು ಒಂದು ಸಮಸ್ಯೆ. ನಿಮ್ಮ ಗೆಳತಿಯೊಬ್ಬಳು ಸತ್ಯವೇದ ಓದಲು ಶುರುಮಾಡಿ ನಡುವೆ ಬೇಸತ್ತು ಮುಚ್ಚಿಟ್ಟಾಗ, ಶುರು ಮಾಡಿದ್ದನ್ನು ಮುಗಿಸಿಬಿಡು ಎಂದು ಹೇಳುವವನು ದೇವರನ್ನೇ ನಂಬದ ಅವಳ ಅಣ್ಣನಿರಬಹುದು. ಹೊರಗಿನವರು ಮಾಡುವ ಇಂಥ ಸಹಾಯವನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸಾಕ್ಷಿ ಹೇಳಿದ ಕಥೆಗಳನ್ನು ಸಭೆಯಲ್ಲಿ ಹೇಳುವಾಗ ಅವರ ಭಾಗ ತಾನಾಗಿ ಉದುರಿಹೋಗಿರುತ್ತದೆ.

ರಿಮ್ಮೋನನ ಗುಡಿಯ ಪ್ರಶ್ನೆ

ವಾಸಿಯಾದ ನಾಮಾನನು ಹೊರಟುಹೋಗಬಹುದಿತ್ತು, ಮರಳಿ ಬಂದನು. ಇಸ್ರಾಯೇಲಿನ ಹೊರತು ಲೋಕದಲ್ಲೆಲ್ಲೂ ದೇವರಿಲ್ಲವೆಂದು ಈಗ ಬಲ್ಲೆನು ಎಂದು ಹೇಳಿ ಕಾಣಿಕೆ ಮುಂದಿಟ್ಟನು. ಎಲೀಷ ಮುಟ್ಟಲಿಲ್ಲ. ಒತ್ತಾಯಿಸಿದರೂ ಒಪ್ಪಲಿಲ್ಲ. ಆಗ ನಾಮಾನನು ಎರಡು ಬೇಡಿಕೆ ಇಡುತ್ತಾನೆ, ಅವೆರಡೂ ನಮ್ಮ ಸಭೆಗಳಲ್ಲಿ ಇಂದು ಯಾರಾದರೂ ಇಟ್ಟರೆ ಗದ್ದಲ ಆಗುವಂಥವು.

ಮೊದಲನೆಯದು, ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು ಬೇಕು, ಇನ್ನು ಮುಂದೆ ಯೆಹೋವನಿಗಲ್ಲದೆ ಬೇರೆ ದೇವರುಗಳಿಗೆ ಬಲಿ ಕೊಡುವುದಿಲ್ಲ. ಇಸ್ರಾಯೇಲಿನ ದೇವರನ್ನು ಆರಾಧಿಸಲು ಇಸ್ರಾಯೇಲಿನ ಮಣ್ಣೇ ಬೇಕು ಎಂಬ ಎಣಿಕೆ ಅದರ ಹಿಂದಿದೆ. ಆಗಷ್ಟೇ ಲೋಕಕ್ಕೆಲ್ಲ ಒಬ್ಬನೇ ದೇವರು ಎಂದವನ ಬಾಯಲ್ಲಿ ಇದು ಹೊಂದುವುದಿಲ್ಲ. ಎರಡನೆಯದು ಇನ್ನೂ ಕಷ್ಟದ್ದು. ನನ್ನ ಒಡೆಯ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ತೋಳು ಹಿಡಿದುಕೊಂಡಿರುತ್ತಾನೆ, ಅವನು ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ಅದನ್ನು ಯೆಹೋವನು ಕ್ಷಮಿಸಲಿ ಎನ್ನುತ್ತಾನೆ. ಅವನ ಕೆಲಸವೇ ಅಂಥದ್ದು, ಬಿಟ್ಟುಬಿಡುವ ಮಾತನ್ನು ಅವನು ಆಡುವುದಿಲ್ಲ. ಆದರೆ ಮುಚ್ಚಿಡುವುದೂ ಇಲ್ಲ, ಕೇಳದೆಯೇ ತಾನಾಗಿ ಹೇಳುತ್ತಾನೆ.

ಎಲೀಷನ ಉತ್ತರ: ಸಮಾಧಾನದಿಂದ ಹೋಗು.

ಅದು ಒಪ್ಪಿಗೆಯೇ, ಮೌನ ನಿಷೇಧವೇ, ಬರೀ ಬೀಳ್ಕೊಡುಗೆಯೇ ಎಂದು ವ್ಯಾಖ್ಯಾನಕಾರರು ಇಂದಿಗೂ ವಾದಿಸುತ್ತಾರೆ. ನನ್ನ ಓದಿನಲ್ಲಿ ಅದು ಅನುಮತಿ ಪತ್ರವಲ್ಲ. ಹಾಗೆಂದು ಎಲೀಷ ಮೆತ್ತಗಿನ ಮನುಷ್ಯ ಎನ್ನಲೂ ಬರುವುದಿಲ್ಲ, ತನ್ನ ಗುರು ಪ್ರವಾದಿ ಎಲೀಯನ ನಿಲುವಂಗಿ ಪಡೆದವನು ಅವನು. ಬಾಳನೆಂಬ ಕಾನಾನ್ಯರ ದೇವರ ಪೂಜೆಯನ್ನು ಆ ಗುರುಶಿಷ್ಯರು ಕಟುವಾಗಿ ವಿರೋಧಿಸಿದವರು. ಅಂಥವನು ದೇವರ ಬಗ್ಗೆ ಒಂದು ಗಂಟೆಯ ತಿಳಿವಳಿಕೆಯೂ ಇಲ್ಲದವನ ಮುಂದೆ ನಿಯಮಾವಳಿ ಬಿಚ್ಚಲಿಲ್ಲ. ಮಣ್ಣಿನ ವಿಷಯದಲ್ಲಿ ತಿದ್ದಲಿಲ್ಲ, ಗುಡಿಯ ವಿಷಯದಲ್ಲಿ ಗದರಲಿಲ್ಲ, ಮತ್ತೆ ಯಾವಾಗ ಬರುತ್ತೀ ಎಂದೂ ಕೇಳಲಿಲ್ಲ. ದೇವರ ಕೈಗೆ ಬಿಟ್ಟು ಕಳುಹಿಸಿದನು. ಹೊಸದಾಗಿ ನಂಬಿದವರೊಬ್ಬರು ಮನೆಯ ಪೂಜೆಗೆ ನಿಲ್ಲಬೇಕೇ, ಪ್ರಸಾದ ಮುಟ್ಟಬೇಕೇ, ಅಪ್ಪನ ಶ್ರಾದ್ಧಕ್ಕೆ ಹೋಗಬೇಕೇ ಎಂಬ ಪ್ರಶ್ನೆಗಳೊಡನೆ ಬಂದಾಗ, ಅವರು ಬಾಯಿ ಮುಚ್ಚುವ ಮೊದಲೇ ಉತ್ತರ ಸಿದ್ಧವಿಟ್ಟುಕೊಂಡಿರುವವರನ್ನು ಕಂಡಿದ್ದೇನೆ. ಉತ್ತರ ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರಶ್ನೆಯನ್ನು ಅವರೇ ಎತ್ತಿದ್ದರಲ್ಲಿ ಒಂದು ಆತ್ಮಸಾಕ್ಷಿ ಎಚ್ಚೆತ್ತಿರುವುದು ಕಾಣುತ್ತದೆ, ಅದನ್ನು ಬೆಳೆಯಲು ಬಿಡುವ ತಾಳ್ಮೆ ಎಲೀಷನಿಗಿತ್ತು.

ಗೇಹಜಿ ಕೇಳಿದ ಬೆಲೆ

ಎಲೀಷನ ಸೇವಕ ಗೇಹಜಿಗೆ ಇದು ಸಹಿಸಲಿಲ್ಲ. ಆ ಅರಾಮ್ಯನನ್ನು ನನ್ನ ಯಜಮಾನ ಸುಮ್ಮನೆ ಬಿಟ್ಟುಬಿಟ್ಟನು ಎಂದುಕೊಂಡು ಹಿಂದೆ ಓಡಿದನು. ಪ್ರವಾದಿಮಂಡಲಿಯ ಇಬ್ಬರು ಯುವಕರು ಬಂದಿದ್ದಾರೆ, ಅವರಿಗೆ ಒಂದು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ಬೇಕಂತೆ ಎಂದು ಸುಳ್ಳು ಹೇಳಿದನು. ನಾಮಾನನು ಎರಡು ತಲಾಂತು ಕೊಟ್ಟನು. ಕೊನೆಗೆ ನಾಮಾನನ ಕುಷ್ಠ ಗೇಹಜಿಗೆ ಅಂಟಿಕೊಂಡಿತು.

ಅವನನ್ನು ಹಿಡಿದು ಕೇಳುವಾಗ ಎಲೀಷ ಹೇಳುವ ಮಾತಿನಲ್ಲಿ ಒಂದು ಪಟ್ಟಿ ಇದೆ: ಬೆಳ್ಳಿ, ಬಟ್ಟೆ, ಎಣ್ಣೆಮರದ ತೋಪು, ದ್ರಾಕ್ಷಿ ತೋಟ, ಕುರಿ, ದನ, ಗಂಡಾಳು, ಹೆಣ್ಣಾಳು. ಇವನ್ನೆಲ್ಲ ಪಡೆಯಲು ಇದು ಸಮಯವೇ ಎಂದು ಕೇಳುತ್ತಾನೆ. ಪಟ್ಟಿಯ ತುದಿಯಲ್ಲಿ ಹೆಣ್ಣಾಳುಗಳು ಬರುವುದು ಬರೀ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಒಬ್ಬ ಹೆಣ್ಣಾಳು ಬಿಡಿಗಾಸು ಬಯಸದೆ ಆಡಿದ ಮಾತಿನಿಂದ ಶುರುವಾದದ್ದನ್ನು ಗೇಹಜಿ ವ್ಯಾಪಾರ ಮಾಡಿದನು, ಆ ವ್ಯಾಪಾರದ ಹಣದಿಂದ ಕೊಳ್ಳಬಹುದಾದ ವಸ್ತುಗಳಲ್ಲಿ ಅವಳಂಥವಳೂ ಒಬ್ಬಳು.

ಕೇಳುವ ಬೆಲೆ ಯಾವಾಗಲೂ ಬೆಳ್ಳಿಯಲ್ಲೇ ಇರಬೇಕೆಂದಿಲ್ಲ. ಕಷ್ಟದಲ್ಲಿ ಜೊತೆ ನಿಂತದ್ದಕ್ಕೆ ಪ್ರತಿಯಾಗಿ ಭಾನುವಾರ ಸಭೆಗೆ ಬರಬೇಕು ಎಂಬ ನಿರೀಕ್ಷೆ, ಬಾರದಿದ್ದಾಗ ತಣ್ಣಗಾಗುವ ಸ್ನೇಹ, ಪ್ರಾರ್ಥನೆಗೆ ಉತ್ತರ ಬಂದದ್ದನ್ನು ಅವರ ಫೋಟೋ ಸಮೇತ ಗುಂಪಿನಲ್ಲಿ ಹಂಚುವುದು. ಅವರ ನೋವು ನಮ್ಮ ಸಾಕ್ಷಿಯ ಸರಕಾಗುತ್ತದೆ. ಇದನ್ನು ಕೇಳಿದವರು ಮರುದಿನ ಏನೂ ಹೇಳುವುದಿಲ್ಲ, ದೂರ ಸರಿಯುತ್ತಾರೆ.

ಯಾರಿಂದ ಯಾರಿಗೆ

ಈ ಪ್ರಕರಣವನ್ನು ಇಂದಿನ ಕಚೇರಿಗೋ ಆಸ್ಪತ್ರೆಗೋ ತರಗತಿಗೋ ತರುವವರು ಮೊದಲು ಅಳೆಯಬೇಕಾದದ್ದು ಮಾತಿನ ದಿಕ್ಕನ್ನು. ಇಲ್ಲಿ ಮಾತು ಕೆಳಗಿನಿಂದ ಮೇಲಕ್ಕೆ ಹೋಯಿತು. ಯಜಮಾನಿಗೆ ಅದು ಇಷ್ಟವಾಗದಿದ್ದರೆ ಸುಮ್ಮನಿರು ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಬಹುದಿತ್ತು. ಕೇಳುವವರಿಗೆ ಬೇಡ ಎನ್ನುವ ಪೂರ್ಣ ಸ್ವಾತಂತ್ರ್ಯವಿತ್ತು, ಹೇಳುವವಳಿಗೆ ಒತ್ತಾಯಿಸುವ ಶಕ್ತಿಯೇ ಇರಲಿಲ್ಲ. ಇದನ್ನು ತಲೆಕೆಳಗು ಮಾಡಿ, ಮೇಲಧಿಕಾರಿ ತನ್ನ ಕೈಕೆಳಗಿನವನಿಗೆ, ವೈದ್ಯೆ ಶಸ್ತ್ರಚಿಕಿತ್ಸೆಗೆ ಮಲಗಿದವನಿಗೆ, ಶಿಕ್ಷಕ ಅಂಕಕ್ಕಾಗಿ ಕಾದಿರುವ ವಿದ್ಯಾರ್ಥಿಗೆ ಅದೇ ಮಾತು ಆಡಿದರೆ ಪದಗಳು ಒಂದೇ ಆದರೂ ಪ್ರಕರಣ ಬೇರೆಯಾಗುತ್ತದೆ.

ನ್ಯಾಯಾಲಯಗಳೂ ಈ ಗೆರೆಯ ಹತ್ತಿರಕ್ಕೆ ಬಂದಿವೆ. ಗ್ರೀಸಿನ ಕ್ರೀಟ್ ದ್ವೀಪದಲ್ಲಿ 1986ರಲ್ಲಿ ಒಬ್ಬ ಯೆಹೋವನ ಸಾಕ್ಷಿ ಪಂಥದ ವೃದ್ಧರು ಒಂದು ಮನೆಗೆ ಹೋಗಿ ನಂಬಿಕೆಯ ಬಗ್ಗೆ ಮಾತಾಡಿದ್ದಕ್ಕೆ ಮತಾಂತರದ ಅಪರಾಧದಡಿ ಶಿಕ್ಷೆಗೆ ಒಳಗಾಗಿದ್ದರು. ಕೊಕ್ಕಿನಾಕಿಸ್ ಪ್ರಕರಣವೆಂದು ಹೆಸರಾದ ಅದರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1993ರ ಮೇ 25ರಂದು ಗ್ರೀಸಿನ ವಿರುದ್ಧ ತೀರ್ಪು ಕೊಟ್ಟಿತು. ಕ್ರೈಸ್ತ ಸಾಕ್ಷಿ ಹೇಳುವುದು ಬೇರೆ, ಅನುಚಿತ ಮತಾಂತರ ಬೇರೆ ಎಂದು ಅದು ಗುರುತಿಸಿತು. ಲಾಭದ ಆಮಿಷ ಒಡ್ಡುವುದು, ಸಂಕಟದಲ್ಲಿರುವವರ ಮೇಲೆ ಒತ್ತಡ ಹೇರುವುದು ಎರಡನೆಯ ಬಗೆ. ಈ ವ್ಯತ್ಯಾಸಕ್ಕೆ ನ್ಯಾಯಾಲಯ ನೆನೆದದ್ದು ಲೋಕ ಸಭೆಗಳ ಒಕ್ಕೂಟದ ಆಶ್ರಯದಲ್ಲಿ 1956ರಲ್ಲಿ ಸಿದ್ಧವಾದ ಒಂದು ವರದಿಯನ್ನು, ಅಂದರೆ ಕ್ರೈಸ್ತರೇ ತಮಗಾಗಿ ಎಳೆದುಕೊಂಡಿದ್ದ ಗೆರೆಯನ್ನು. ಐದು ವರ್ಷದ ನಂತರ, 1998ರಲ್ಲಿ, ಲಾರಿಸಿಸ್ ಪ್ರಕರಣ ಬಂತು. ಗ್ರೀಕ್ ವಾಯುಸೇನೆಯ ಮೂವರು ಪೆಂಟೆಕೋಸ್ಟಲ್ ಅಧಿಕಾರಿಗಳು ತಮ್ಮ ಕೈಕೆಳಗಿನ ಯೋಧರಿಗೂ ಹೊರಗಿನ ನಾಗರಿಕರಿಗೂ ನಂಬಿಕೆಯ ಬಗ್ಗೆ ಹೇಳಿದ್ದರು. ನಾಗರಿಕರ ವಿಷಯದಲ್ಲಿ ಅವರನ್ನು ಶಿಕ್ಷಿಸಿದ್ದು ತಪ್ಪೆಂದೂ ಕೈಕೆಳಗಿನ ಯೋಧರ ವಿಷಯದಲ್ಲಿ ತಪ್ಪಲ್ಲವೆಂದೂ ನ್ಯಾಯಾಲಯ ಹೇಳಿತು. ಹೊರಗೆ ಸಾಮಾನ್ಯ ಮಾತುಕತೆ ಎನಿಸುವುದು ಸೇನೆಯ ಶ್ರೇಣಿಯೊಳಗೆ ಕಿರುಕುಳವಾಗಬಹುದು, ಏಕೆಂದರೆ ಕಿರಿಯನಿಗೆ ಎದ್ದು ಹೋಗುವುದು ಸುಲಭವಲ್ಲ.

ಹಾಗಾದರೆ ಮೇಲಿನ ಸ್ಥಾನದಲ್ಲಿರುವ ವಿಶ್ವಾಸಿ ಬಾಯಿ ಹೊಲಿದುಕೊಳ್ಳಬೇಕೇ? ಪೇತ್ರನ ಮೊದಲ ಪತ್ರಿಕೆ 3:15 ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಎನ್ನುತ್ತಾನೆ. ಕೇಳುವವರು ಮೊದಲು, ಉತ್ತರ ಆಮೇಲೆ. ಸರಿಸಮಾನರ ನಡುವೆ ಈ ಕ್ರಮ ಸ್ವಲ್ಪ ಸಡಿಲಾಗಬಹುದು. ಪಕ್ಕದ ಮೇಜಿನವನು ಅಮ್ಮನ ಕಾಯಿಲೆಯಿಂದ ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದಾಗ, ನಾನು ಪ್ರಾರ್ಥಿಸುವಾಗ ನಿಮ್ಮ ಅಮ್ಮನ ಹೆಸರು ಹೇಳಲೇ ಎಂದು ಕೇಳಿ, ಅವನ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿ ಅವನ ಪಾಲಿನ ಕೆಲಸ ಒಂದಿಷ್ಟು ಎತ್ತಿಕೊಳ್ಳಬಹುದು. ಅದೇ ಮಾತನ್ನು ಅವನ ರಜೆಗೆ ಸಹಿ ಹಾಕಬೇಕಾದವನು ಆಡುವುದಾದರೆ ಮೊದಲು ರಜೆಗೆ ಸಹಿ ಹಾಕಲಿ. ಪ್ರಾರ್ಥನೆಯನ್ನು ಕೋಣೆಯ ಬಾಗಿಲು ಮುಚ್ಚಿ ಮಾಡಲಿ, ಅದಕ್ಕೆ ಯಾರ ಅನುಮತಿಯೂ ಬೇಡ. ನಂಬಿಕೆಯ ಮಾತು ಅವನಾಗಿ ಕೇಳುವವರೆಗೆ ಕಾಯಲಿ, ಕೇಳದೆಯೂ ಹೋಗಬಹುದು.

ನಾಮಾನನೂ ಹಿಂದಿರುಗಿದ್ದು ಅಂಥ ಸ್ಥಾನಕ್ಕೇ. ಅವನ ಕೆಳಗೆ ಒಂದು ಸೇನೆ ಇತ್ತು, ಮನೆ ತುಂಬ ಆಳುಗಳಿದ್ದರು. ಯೊರ್ದನಿನಿಂದ ಬಂದು ಎಲೀಷನ ಮುಂದೆ ಅವನು ಮಾಡಿದ ಪ್ರತಿಜ್ಞೆ ನಿನ್ನ ಸೇವಕನಾದ ನಾನು ಬೇರೆ ದೇವರುಗಳಿಗೆ ಬಲಿ ಅರ್ಪಿಸುವುದಿಲ್ಲ ಎಂದಷ್ಟೇ. ನನ್ನ ಮನೆಯವರೂ, ನನ್ನ ದಂಡಿನವರೂ ಎಂಬ ಮಾತು ಅದರಲ್ಲಿಲ್ಲ.